ಮುಳ್ಳು 72, ಫೋನು 60: ರೋಡ್ ರನ್ನರ್ ಆಕ್ಸಲ್ ಪತ್ತೆ

ಕಾರು ಮಾರಿದ ಅಜ್ಜ ಕೀಲಿಕೈ ಜೊತೆ ಒಂದು ಜೆರಾಕ್ಸ್ ಹಾಳೆಯನ್ನೂ ಕೈಗಿಟ್ಟರು. "ಇದು ಫ್ಯಾಕ್ಟರಿ ಬಿಲ್ಡ್ ಶೀಟ್. ಹಿಂದಿನ ಆಕ್ಸಲ್ 3.55, ಶೂರ್ ಗ್ರಿಪ್. ಎಲ್ಲ ಒರಿಜಿನಲ್" ಅಂದರು. 3.55 ಅನ್ನುವುದು ಆಕ್ಸಲ್ ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 3.55 ಸುತ್ತು ತಿರುಗಬೇಕು. ಶೂರ್ ಗ್ರಿಪ್ ಅಂದರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಷಿಯಲ್. ಜೆರಾಕ್ಸ್ ಮಾಡುವಾಗ ಹಾಳೆಯ ಮೇಲ್ತುದಿ ಮಡಚಿಕೊಂಡಿತ್ತು, ಮೊದಲ ಸಾಲೇ ಬಂದಿರಲಿಲ್ಲ. ಅದನ್ನು ನಾನು ಗಮನಿಸಲಿಲ್ಲ. ಎದುರಿಗೆ 1970ರ ಪ್ಲಿಮತ್ ರೋಡ್ ರನ್ನರ್ ನಿಂತಿರುವಾಗ ಕಾಗದ ಯಾರು ನೋಡುತ್ತಾರೆ?

ನಾನಿರುವುದು ಮಿಷಿಗನ್ನಿನ ನೋವೈಯಲ್ಲಿ. ಈ ಕಾರು ತಯಾರಾದದ್ದು ಡೆಟ್ರಾಯ್ಟಿನ ಲಿಂಚ್ ರೋಡ್ ಫ್ಯಾಕ್ಟರಿಯಲ್ಲಿ. ಮನೆಯಿಂದ ಮುಕ್ಕಾಲು ಗಂಟೆ ದಾರಿ. ಅಲ್ಲಿ ಕಾರು ಜೋಡಿಸುವುದು 1981ರಲ್ಲೇ ನಿಂತಿತು. ಹಾಗಾಗಿ ಕೇಳಲು ಯಾರೂ ಇಲ್ಲ, ಕಾರನ್ನೇ ಕೇಳಬೇಕು.

ಅನುಮಾನ ಬಂದದ್ದು ಮೊದಲ ದಿನವೇ. ಹೈವೇಯಲ್ಲಿ ಫೋನಿನ ಜಿಪಿಎಸ್ 60 ಮೈಲಿ ಅನ್ನುತ್ತಿದೆ, ಕಾರಿನ ಸ್ಪೀಡೋಮೀಟರ್ ಮುಳ್ಳು 72 ತೋರಿಸುತ್ತಿದೆ. ನಾಲ್ಕನೇ ಗೇರಿನಲ್ಲಿದ್ದರೂ ಇಂಜಿನ್ ಮೂರನೇ ಗೇರಿನಲ್ಲಿ ಇದ್ದ ಹಾಗೆ ಕಿರುಚುತ್ತಿತ್ತು. ಮಾರನೆಯ ದಿನ ಇಂಜಿನ್ ಸುತ್ತು ತೋರಿಸುವ ಹಳೇ ಟ್ಯಾಕೋಮೀಟರ್ ಒಂದನ್ನು ಇಗ್ನಿಷನ್ ಕಾಯಿಲ್‌ಗೆ ಸಿಕ್ಕಿಸಿ, ಡ್ಯಾಶ್ ಮೇಲೆ ಟೇಪ್ ಹಾಕಿ ಕೂರಿಸಿದೆ. ಜಿಪಿಎಸ್‌ನಲ್ಲಿ ಸರಿಯಾಗಿ 60 ಹಿಡಿದಾಗ 2900 ಆರ್‌ಪಿಎಂ.

ಇದಕ್ಕೊಂದು ಲೆಕ್ಕ ಇದೆ. ಆರ್‌ಪಿಎಂ ಅನ್ನು ಟೈರಿನ ಎತ್ತರದಿಂದ (ಇಂಚಿನಲ್ಲಿ) ಗುಣಿಸಿ. ಬಂದದ್ದನ್ನು ಮೈಲಿ ವೇಗ ಗುಣಿಸು 336ರಿಂದ ಭಾಗಿಸಿ. ಟಾಪ್ ಗೇರ್ ನೇರ (1:1) ಇದ್ದರೆ ಸಿಗುವುದು ಆಕ್ಸಲ್ ರೇಶಿಯೋ. ನನ್ನ ಟೈರ್ 26.9 ಇಂಚು. 2900 × 26.9 ÷ (60 × 336). ಉತ್ತರ 3.87. ಪ್ಲಿಮತ್ ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯ ಆ ಕಾಲದ ಆಕ್ಸಲ್‌ಗಳಲ್ಲಿ ಇದಕ್ಕೆ ಹತ್ತಿರ ಇರುವುದು 3.91. ಅಜ್ಜ ಹೇಳಿದ 3.55 ಆಗಿದ್ದರೆ ಇಂಜಿನ್ 2660ರಲ್ಲಿ ಇರಬೇಕಿತ್ತು. 240ರಷ್ಟು ವ್ಯತ್ಯಾಸ ಮೀಟರಿನ ತಪ್ಪಲ್ಲ.

ಮೊದಲ ಶನಿವಾರ ಬಾನೆಟ್ ಎತ್ತಿ ಫೆಂಡರ್ ಟ್ಯಾಗ್ ಓದಲು ಕೂತೆ. ಡ್ರೈವರ್ ಕಡೆಯ ಒಳ ಫೆಂಡರ್ ಮೇಲೆ ಎರಡು ಸ್ಕ್ರೂ ಹಾಕಿ ಕೂರಿಸಿದ, ಕಾರಿನ ಕೋಡ್‌ಗಳನ್ನು ಕುಟ್ಟಿರುವ ಸಣ್ಣ ತಗಡು ಇದು. ಇದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಮೊದಲ ಸಲ ಎಲ್ಲರೂ ಮೇಲಿಂದ ಓದಿ ತಲೆ ಕೆರೆದುಕೊಳ್ಳುತ್ತಾರೆ, ನಾನೂ ಅಷ್ಟೇ. ನನ್ನ ಟ್ಯಾಗಿನ ತಳದ ಸಾಲು: ಇ63, ಡಿ21, ಆಮೇಲೆ ಆರ್‌ಎಂ23 ಎನ್0ಎ ಮತ್ತು ಆರು ಅಂಕಿ. ಇ63 ಅಂದರೆ 383 ಘನ ಇಂಚಿನ, 335 ಹಾರ್ಸ್‌ಪವರ್ ಇಂಜಿನ್. ಡಿ21 ನಾಲ್ಕು ಗೇರಿನ ಮ್ಯಾನುಯಲ್. ಉಳಿದದ್ದು ಚಾಸಿ ನಂಬರ್. ಆರ್‌ಎಂ ರೋಡ್ ರನ್ನರ್, 23 ಹಾರ್ಡ್‌ಟಾಪ್ (ಬಾಗಿಲ ಹಿಂದೆ ಕಂಬ ಇಲ್ಲದ್ದು), ಎನ್ ಮತ್ತೆ ಅದೇ 383 ಇಂಜಿನ್, ಸೊನ್ನೆ 1970, ಎ ಅಂದರೆ ಲಿಂಚ್ ರೋಡ್. ಡ್ಯಾಶ್ ಮೇಲಿನ ಚಾಸಿ ನಂಬರಿನ ಪಟ್ಟಿಗೂ ಇದಕ್ಕೂ ಹೊಂದಿಕೆ ಇದೆ. ಒಂದು ನೆಮ್ಮದಿ.

ಅದರ ಮೇಲಿನ ಸಾಲಿನಲ್ಲಿ ಇಬಿ5. ನೀಲಿ! ಕಾರಿಗೆ ಈಗ ಇರುವ ಕೆಂಪು ಮಿಶ್ರಿತ ಕಿತ್ತಳೆ ಬಣ್ಣಕ್ಕೆ ಇವಿ2 ಇರಬೇಕಿತ್ತು. ಗ್ಲೌವ್ ಬಾಕ್ಸ್ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ನಿಜಕ್ಕೂ ನೀಲಿ. ಅದೇ ಸಾಲಿನಲ್ಲಿ ಸಿ17. ಇದು ತಾರೀಕು. ಒಂದರಿಂದ ಒಂಬತ್ತನೇ ತಿಂಗಳಿಗೆ ಅಂಕಿ, ಅಕ್ಟೋಬರ್‌ಗೆ ಎ, ನವೆಂಬರ್‌ಗೆ ಬಿ, ಡಿಸೆಂಬರ್‌ಗೆ ಸಿ. 1970ರ ಮಾಡೆಲ್ ಆದ್ದರಿಂದ ಇದು 1969ರ ಡಿಸೆಂಬರ್ 17. ಈ ತಾರೀಕನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಹುಡುಕುತ್ತಿದ್ದದ್ದು ಎ36. ಆ ವರ್ಷ 3.55 ರೇಶಿಯೋ ಮತ್ತು ಶೂರ್ ಗ್ರಿಪ್ ಸೇರಿಸಿ ಒಂದು ಪ್ಯಾಕೇಜ್ ಮಾರುತ್ತಿದ್ದರು, ಅದರ ಕೋಡ್ ಎ36. 3.91 ಬೇಕಿದ್ದವರಿಗೆ ಎ31. ನನ್ನ ಟ್ಯಾಗಿನಲ್ಲಿ ಎರಡೂ ಇಲ್ಲ. ಇನ್ನೊಂದು ಗುರುತೂ ಇದೆ. ಈ ಪ್ಯಾಕೇಜ್ ತೆಗೆದುಕೊಂಡವರಿಗೆ 26 ಇಂಚಿನ ದೊಡ್ಡ ರೇಡಿಯೇಟರ್ ಬರುತ್ತಿತ್ತು. ನನ್ನದು 22 ಇಂಚಿಂದು. ರೇಡಿಯೇಟರ್ ಯಾರಾದರೂ ಬದಲಾಯಿಸಿರಬಹುದು ಅನ್ನಿ. ಆದರೆ ಅದು ಕೂರುವ ತಗಡಿನ ಕಿಂಡಿಯೂ 22 ಇಂಚಿನದೇ. ಆ ತಗಡನ್ನು ಕಿತ್ತು ಚಿಕ್ಕದು ಹಾಕುವ ಹುಚ್ಚರು ಇರಲಿಕ್ಕಿಲ್ಲ.

ಅಂದಮೇಲೆ ಜೆರಾಕ್ಸ್ ಒಂದು ಹೇಳುತ್ತೆ, ಟ್ಯಾಗ್ ಇನ್ನೊಂದು, ಆರ್‌ಪಿಎಂ ಮತ್ತೊಂದು.

ದಾವಣಗೆರೆಯ ಮಾವನಿಗೆ ಫೋನ್ ಮಾಡಿದೆ. ಲಾರಿ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಜೋಡಿ ಗೇರ್) ಕೂರಿಸಿದ ಕೈ ಅವರದು.

"ಮಾವ, ಕಾಗದದಲ್ಲಿ 3.55 ಇದೆ, ಓಡಿಸಿದರೆ 3.91 ಅನ್ನಿಸುತ್ತೆ."

"ಪಾಯಿಂಟ್ ಲೆಕ್ಕ ನನಗೆ ಬ್ಯಾಡ. ಹಲ್ಲು ಎಷ್ಟು?"

"ಇನ್ನೂ ಬಿಚ್ಚಿಲ್ಲ."

"ಬಿಚ್ಚದೇ ಫೋನ್ ಯಾಕೆ ಮಾಡಿದೀಯ? ಮೊದಲು ಜಾಕ್ ಹಾಕು, ಚಕ್ರ ತಿರುಗಿಸು."

ಅವರ ಲೋಕದಲ್ಲಿ ರೇಶಿಯೋ ಅಂತ ಮಾತೇ ಇಲ್ಲ. ಟಾಟಾ ಲಾರಿಯ ಆಕ್ಸಲ್ ಏಳು-ನಲವತ್ತೊಂದು, ಇಲ್ಲ ಆರು-ಮೂವತ್ತೇಳು. ಪಿನಿಯನ್ ಹಲ್ಲು, ಕ್ರೌನ್ ಹಲ್ಲು, ಅಷ್ಟೇ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ರೇಶಿಯೋ. ನೋಡಿದರೆ ಅದೇ ಸರಿ. ಪಾಯಿಂಟಿನ ಅಂಕಿಯನ್ನು ಬಾಯಲ್ಲಿ ಹೇಗಾದರೂ ಹೇಳಬಹುದು. ಹಲ್ಲು ಇದ್ದಷ್ಟೇ ಇರುತ್ತೆ.

ಹಿಂದಿನ ಎರಡೂ ಚಕ್ರ ಮೇಲೆತ್ತಿ ಜಾಕ್ ಸ್ಟ್ಯಾಂಡ್ ಕೊಟ್ಟೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿದೆ. ಬಲ ಚಕ್ರ ತಿರುಗಿಸಿದೆ. ಎಡ ಚಕ್ರ ಉಲ್ಟಾ ತಿರುಗಿತು. ಶೂರ್ ಗ್ರಿಪ್ ಸರಿಯಾಗಿದ್ದರೆ ಎರಡೂ ಒಂದೇ ಕಡೆ ತಿರುಗಬೇಕು. ಆದರೆ ಇಷ್ಟಕ್ಕೇ ತೀರ್ಪು ಕೊಡುವ ಹಾಗಿಲ್ಲ, ಒಳಗಿನ ಕೋನ್ ಸವೆದುಹೋದ ಶೂರ್ ಗ್ರಿಪ್ ಕೂಡ ಹೀಗೇ ಮಾಡುತ್ತೆ.

ಆಮೇಲೆ ಎಣಿಕೆ. ಪ್ರೊಪೆಲ್ಲರ್ ಶಾಫ್ಟ್ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೆರೆ, ಟೈರ್ ಮೇಲೆ ಒಂದು ಗೆರೆ. ಮಗಳು ಎಡ ಚಕ್ರವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಒಂದು ಚಕ್ರ ಹಿಡಿದಾಗ ಇನ್ನೊಂದನ್ನು ಎರಡು ಸುತ್ತು ತಿರುಗಿಸಬೇಕು, ಒಂದಲ್ಲ. ಡಿಫರೆನ್ಷಿಯಲ್ ಒಳಗೆ ಅರ್ಧ ಚಲನೆ ಹಂಚಿಹೋಗುತ್ತೆ. ಇದನ್ನು ಮರೆತು ಒಂದೇ ಸುತ್ತು ತಿರುಗಿಸಿ, 1.9 ಬಂತು ಅಂತ ಗಾಬರಿಯಾದವರನ್ನು ನೋಡಿದ್ದೇನೆ. ನಾನು ನಿಧಾನಕ್ಕೆ ತಿರುಗಿಸಿದೆ, ಹೆಂಡತಿ ಕಾರಿನ ಕೆಳಗೆ ತಲೆ ಹಾಕಿ ಎಣಿಸಿದಳು. "ಒಂದು... ಎರಡು... ಮೂರು... ಮೂರೂ ಮುಕ್ಕಾಲು... ನಿಲ್ಲಿಸಿ. ನಾಲ್ಕಕ್ಕೆ ಒಂದು ಬೆರಳು ಕಮ್ಮಿ."

ನಾಲ್ಕಕ್ಕೆ ಒಂದು ಬೆರಳು ಕಮ್ಮಿ ಅಂದರೆ 3.91. ಅಜ್ಜನ 3.55 ಅಲ್ಲಿಗೆ ಮುಗಿಯಿತು.

ಇನ್ನು ಉಳಿದದ್ದು ಕಾಗದ. ಬಿಲ್ಡ್ ಶೀಟ್ ಅನ್ನು ಗ್ರಾಹಕರಿಗೆ ಅಂತ ಮಾಡಿದ್ದಲ್ಲ. ಲೈನಿನಲ್ಲಿ ಕೆಲಸ ಮಾಡುವವರಿಗೆ ಈ ಕಾರಿಗೆ ಯಾವ ಇಂಜಿನ್, ಯಾವ ಸ್ಪ್ರಿಂಗ್, ಯಾವ ಆಕ್ಸಲ್ ಅಂತ ತಿಳಿಸುವ ಚೀಟಿ. ಕೆಲಸ ಮುಗಿದ ಮೇಲೆ ಅದು ಕಸ. ಕೆಲವನ್ನು ಸೀಟಿನ ಸ್ಪ್ರಿಂಗ್ ಸಂದಿಯಲ್ಲಿ ತುರುಕಿಬಿಡುತ್ತಿದ್ದರು. ಆ ಕಸವೇ ಇವತ್ತು ಕಾರಿನ ಜಾತಕ.

ಹಿಂದಿನ ಸೀಟಿನ ಕೂರುವ ಭಾಗವನ್ನು ಮಂಡಿಯಿಂದ ಹಿಂದಕ್ಕೆ ಒತ್ತಿ ಮೇಲಕ್ಕೆತ್ತಿದರೆ ಬರುತ್ತೆ. ಸ್ಪ್ರಿಂಗ್‌ಗಳ ಮೇಲೆ, ಗೋಣಿಬಟ್ಟೆಯ ಕೆಳಗೆ, ಕಂದು ಬಣ್ಣದ ಕಾಗದ ಇತ್ತು. ಅಜ್ಜ ಜೆರಾಕ್ಸ್ ಮಾಡಿಸಿ ವಾಪಸ್ ಅಲ್ಲೇ ಇಟ್ಟಿದ್ದಾರೆ. ಮೇಲ್ತುದಿ ಮಡಚಿಕೊಂಡೇ ಇದೆ. ಆ ಮಡಿಕೆಯನ್ನು ಬೆಣ್ಣೆ ಚಾಕುವಿನ ತುದಿಯಿಂದ ಒಂದಿಷ್ಟೇ ಎತ್ತಿದೆ.

ಆರ್‌ಎಂ21.

ನನ್ನದು ಆರ್‌ಎಂ23. 21 ಅಂದರೆ ಬಾಗಿಲುಗಳ ಹಿಂದೆ ಕಂಬ ಇರುವ ಕೂಪೆ. ಕೊನೆಯ ಅಂಕಿಗಳು ನನ್ನ ಕಾರಿನ ಅಂಕಿಗಳಿಗೆ ಹತ್ತಿರದವೇ, ಆದರೆ ಬೇರೆ. ಆರ್ಡರ್ ನಂಬರೂ ಬೇರೆ. ಲೈನಿನಲ್ಲಿ ಆಸುಪಾಸಿನಲ್ಲಿದ್ದ ಇನ್ನೊಂದು ರೋಡ್ ರನ್ನರಿನ ಚೀಟಿ ನನ್ನ ಕಾರಿನ ಸೀಟಿಗೆ ಸೇರಿಬಿಟ್ಟಿದೆ. ಕ್ರೈಸ್ಲರ್ ಕಾರುಗಳಲ್ಲಿ ಇದು ಹೊಸದೇನಲ್ಲ. ಎ36, ಡಿ56, ಡಿ91 ಎಲ್ಲ ಆ ಹಾಳೆಯಲ್ಲಿ ನೀಟಾಗಿ ಇವೆ. ಡಿ56 ಅಂದರೆ 3.55, ಡಿ91 ಅಂದರೆ ಶೂರ್ ಗ್ರಿಪ್. ಅಜ್ಜ ಸುಳ್ಳು ಹೇಳಿರಲಿಲ್ಲ. ಬೇರೆಯವರ ಜಾತಕ ಓದಿದ್ದರು, ಅಷ್ಟೇ.

ಪಾಪ, ಅವರಿಗೆ ಇದನ್ನು ಇನ್ನೂ ಹೇಳಿಲ್ಲ.

ನನ್ನ ಕಾರಿನದು ಎಲ್ಲಿ? ಕಾರ್ಪೆಟ್ ಎತ್ತಿದೆ, ಗ್ಲೌವ್ ಬಾಕ್ಸ್ ಮೇಲೆ ಕೈ ಹಾಕಿದೆ. ಇಲಿ ಗೂಡು ಸಿಕ್ಕಿತು, ಚೀಟಿ ಸಿಗಲಿಲ್ಲ. ಉಳಿದದ್ದು ಮುಂದಿನ ಬೆಂಚ್ ಸೀಟ್. ಇದರ ನಟ್ಟುಗಳು ಕಾರಿನ ಹೊಟ್ಟೆ ಕೆಳಗಿನಿಂದ ಬಿಚ್ಚಬೇಕು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ನಟ್ಟು ಯಾವುದು, ತುಕ್ಕು ಯಾವುದು ಅಂತ ಗೊತ್ತಾಗಲ್ಲ. ಎರಡು ರಾತ್ರಿ ಎಣ್ಣೆ ಬಿಟ್ಟು, ಮೂರನೇ ದಿನ ಬಿಚ್ಚಿದೆ. ಸೀಟನ್ನು ಬೋರಲು ಹಾಕಿದಾಗ ಸ್ಪ್ರಿಂಗ್ ತಂತಿಯ ಮಧ್ಯೆ ಹಪ್ಪಳದಂತೆ ಮುದುರಿದ ಒಂದು ತುಂಡು ಕಂಡಿತು.

ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಐವತ್ತು ವರ್ಷ ಬೆವರು, ಧೂಳು, ಬಿಸಿಲು ಕುಡಿದ ಕಾಗದ ಬಿಡಿಸಿದರೆ ಪುಡಿ. ಮೊದಲು ಇದ್ದಲ್ಲೇ ಫೋಟೋ ತೆಗೆದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಟವೆಲ್ ಹಾಸಿ, ಅದರ ಮೇಲೆ ಕೇಕ್ ಆರಿಸುವ ತಂತಿ ಜಾಲರಿ ಇಟ್ಟು, ಜಾಲರಿ ಮೇಲೆ ಕಾಗದ ಇಟ್ಟೆ. ನೀರು ತಾಗಬಾರದು, ತೇವ ಮಾತ್ರ ತಾಗಬೇಕು. ಬೆಳಗ್ಗೆ ನೋಡಿದರೆ ಹಪ್ಪಳ ಹೋಗಿ ನೆನೆದ ಚಪಾತಿಯ ಹಾಗೆ ಮೆತ್ತಗಾಗಿತ್ತು. ಎರಡು ಬ್ಲಾಟಿಂಗ್ ಪೇಪರ್ ನಡುವೆ ಬಿಡಿಸಿ, ಮೇಲೆ ಪುಸ್ತಕ ಹೇರಿದೆ.

ಮೂರನೇ ಒಂದು ಭಾಗ ಇಲಿಯ ಪಾಲಾಗಿತ್ತು. ಆದರೆ ಮೇಲಿನ ಸಾಲು ಉಳಿದಿತ್ತು. ಚಾಸಿ ನಂಬರ್ ನನ್ನದೇ! ಆರ್ಡರ್ ನಂಬರ್ ಫೆಂಡರ್ ಟ್ಯಾಗಿನದೇ! ಅಡುಗೆಮನೆಯಲ್ಲಿ ನಾನು ಕೂಗಿದ್ದಕ್ಕೆ ಮಗಳು ಮೇಲಿನಿಂದ ಓಡಿ ಬಂದಳು.

ಆಕ್ಸಲ್ ಜೋಡಣೆಯ ಚೌಕದಲ್ಲಿ ಪೂರ್ತಿ ಪಾರ್ಟ್ ನಂಬರ್ ಇರುವುದಿಲ್ಲ, ಕೊನೆಯ ಮೂರು ಅಂಕಿ ಮಾತ್ರ. ಅಲ್ಲಿ ಎಣ್ಣೆ ಕಲೆ ಬಿದ್ದು ನಡುವಿನ ಅಂಕಿ ಮಸುಕಾಗಿತ್ತು. ಆದರೆ ಡಿ ಕೋಡಿನ ಸಾಲು ಸ್ಪಷ್ಟ: ಡಿ21, ಡಿ53. ಡಿ53 ಅಂದರೆ 3.23. ಡಿ91 ಇರಬೇಕಾದ ಚೌಕ ಖಾಲಿ. ಅಂದರೆ ಮೊದಲು ತೆಗೆದುಕೊಂಡವರು ಆಕ್ಸಲ್‌ಗೆ ಒಂದು ಡಾಲರ್ ಕೂಡ ಜಾಸ್ತಿ ಕೊಟ್ಟಿಲ್ಲ. ಸಾದಾ 3.23, ಶೂರ್ ಗ್ರಿಪ್ ಇಲ್ಲ.

ಆಗ ಹೊಳೆಯಿತು. 72ನ್ನು 60ರಿಂದ ಭಾಗಿಸಿದರೆ 1.2. 3.91 ಅನ್ನು 3.23ರಿಂದ ಭಾಗಿಸಿದರೆ 1.21. ಯಾರೋ ಆಕ್ಸಲ್ ಬದಲಾಯಿಸಿದ್ದಾರೆ, ಸ್ಪೀಡೋಮೀಟರ್ ಗೇರ್ ಮುಟ್ಟಿಲ್ಲ. ಮುಳ್ಳು ಇನ್ನೂ 3.23 ಆಕ್ಸಲ್ ಇದೆ ಅಂದುಕೊಂಡೇ ಓಡುತ್ತಿದೆ. ಮೊದಲ ದಿನವೇ ಕಾರು ಉತ್ತರ ಹೇಳಿತ್ತು. ನಾನು ಹದಿನೈದು ದಿನ ಸೀಟು ಬಿಚ್ಚುತ್ತಾ ಕೂತಿದ್ದೆ.

ಗೇರ್ ಬಾಕ್ಸಿನ ಬಾಲದಿಂದ ಸ್ಪೀಡೋ ಪಿನಿಯನ್ ಹೊರತೆಗೆದೆ. ಬೆರಳುದ್ದದ ಪ್ಲಾಸ್ಟಿಕ್ ಗೇರ್, ಹಲ್ಲಿನ ಸಂಖ್ಯೆ ಅದರ ಮೇಲೇ ಅಚ್ಚಾಗಿರುತ್ತೆ. 32. ಅದು ಕೂರುವ ಅಡಾಪ್ಟರನ್ನೂ 26–32 ಗುರುತು ಕೆಳಗೆ ಬರುವಂತೆ ತಿರುಗಿಸಿ ಕೂರಿಸಿದ್ದರು. 3.23ಕ್ಕೆ ಸರಿಯಾದದ್ದೇ. 3.91ಕ್ಕೆ ಇನ್ನೂ ಏಳು ಹಲ್ಲು ಜಾಸ್ತಿ ಬೇಕಿತ್ತು.

ಇಷ್ಟಾದರೂ ಆಕ್ಸಲ್ ಬಿಚ್ಚಲೇಬೇಕಿತ್ತು. ಇಂಜಿನ್ ಮೇಲೆ, ಗೇರ್ ಬಾಕ್ಸ್ ಮೇಲೆ ಚಾಸಿ ನಂಬರಿನ ಅಂಕಿಗಳನ್ನು ಕುಟ್ಟಿರುತ್ತಾರೆ, ಆಕ್ಸಲ್ ಮೇಲೆ ಕುಟ್ಟುವುದಿಲ್ಲ. ಅಲ್ಲಿ ಸಾಕ್ಷಿ ಅಂದರೆ ಅಚ್ಚಿನ ನಂಬರ್ ಮತ್ತು ಅಚ್ಚು ಹೊಯ್ದ ತಾರೀಕು.

ಬಲ ಚಕ್ರದ ನಟ್ಟು ಸಲೀಸಾಗಿ ಬಂತು. ಎಡ ಚಕ್ರದ್ದು ಬರಲಿಲ್ಲ. ಪಾನಾಗೆ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತೆ. ಟಣ್ ಅಂತ ಸ್ಟಡ್ ಮುರಿಯಿತು. ಮುರಿದ ತುಂಡು ಕೈಯಲ್ಲಿ ಹಿಡಿದು ನೋಡಿದರೆ ತುದಿಯಲ್ಲಿ 'ಎಲ್' ಅಂತ ಅಚ್ಚು. ಆ ಕಾಲದ ಕ್ರೈಸ್ಲರ್ ಕಾರಿನ ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್. ನಾನು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದೆ. ಮಾವನಿಗೆ ಹೇಳಿದರೆ ಒಂದು ನಿಮಿಷ ನಕ್ಕರು. "ಲಾರಿಲೂ ಎಡಗಡೆ ಉಲ್ಟಾನೇ ಅಲ್ವೇನೋ! ಚಿಕ್ಕೋನಿದ್ದಾಗ ಗ್ಯಾರೇಜಿಗೆ ಬಂದು ಬರೀ ಮಂಡಕ್ಕಿ ತಿಂದೆ."

ಈ ಆಕ್ಸಲ್‌ಗೆ ಹಿಂದೆ ಮುಚ್ಚಳ ಇಲ್ಲ. ಡಿಫರೆನ್ಷಿಯಲ್ ಗಡ್ಡೆ ಮುಂದಿನಿಂದ ಹೊರಬರುತ್ತೆ, ಹತ್ತು ನಟ್ಟು. ಅದಕ್ಕೆ ಮೊದಲು ಎರಡೂ ಕಡೆಯ ಆಕ್ಸಲ್ ಶಾಫ್ಟ್ ಎಳೆದುಕೊಳ್ಳಬೇಕು, ಬಲಗಡೆಯದರಲ್ಲಿ ಆಟ ಸರಿಮಾಡುವ ಅಡ್ಜಸ್ಟರ್ ಇರುವುದರಿಂದ ಅದನ್ನೇ ಮೊದಲು. ತಳದಲ್ಲಿ ಆಯಿಲ್ ಬಿಡುವ ಬಿರಡೆಯೂ ಇಲ್ಲ. ಕೊನೆಯ ನಟ್ಟು ಸಡಿಲಿಸಿದಾಗ ಸಂದಿಯಿಂದ ಕಪ್ಪು ಆಯಿಲ್ ಸುರಿಯಿತು, ಅರ್ಧ ಟ್ರೇಗೆ, ಅರ್ಧ ನನ್ನ ತೋಳಿಗೆ. ಆ ವಾಸನೆ ಮೂರು ಸ್ನಾನಕ್ಕೂ ಹೋಗಲ್ಲ.

ಗಡ್ಡೆಯನ್ನು ಬೆಂಚ್ ಮೇಲೆ ಇಟ್ಟು ಬ್ರಷ್ ಹೊಡೆದೆ. ಅಚ್ಚಿನ ನಂಬರ್ 2881489. ಈ ಊರಿನಲ್ಲಿ ಇದನ್ನು ಬರೀ '489' ಅನ್ನುತ್ತಾರೆ. 8¾ ಇಂಚಿನ ಈ ಆಕ್ಸಲ್‌ನಲ್ಲಿ ಮೂರು ಥರದ ಗಡ್ಡೆ ಇವೆ: 741, 742, 489. ಪಿನಿಯನ್ ದಂಡಿನ ದಪ್ಪ ಬೇರೆ ಬೇರೆ. 489 ಬಂದದ್ದು 1969ರಿಂದ, ಹಾಗಾಗಿ ನಂಬರ್ ನೋಡಿದರೆ ನನ್ನ ಕಾರಿಗೆ ಒಪ್ಪುತ್ತೆ. ಇಷ್ಟಕ್ಕೇ 'ಒರಿಜಿನಲ್' ಅಂತ ಬೋರ್ಡ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಪಕ್ಕದಲ್ಲೇ ಅಚ್ಚಿನ ತಾರೀಕು ಇತ್ತು. ಗ್ರೀಸ್ ಕೆರೆದಾಗ ಕೊನೆಯ ಎರಡು ಅಂಕಿ ಮೊದಲು ಕಂಡವು: 71. ಟ್ಯಾಗಿನ ತಾರೀಕು ನೆನಪಿದೆಯಲ್ಲ? 1969ರ ಡಿಸೆಂಬರ್ 17. ಕಾರು ತಯಾರಾದ ಮೇಲೆ ಹುಟ್ಟಿದ ಗಡ್ಡೆ ಅದರ ಒರಿಜಿನಲ್ ಆಗುವುದು ಹೇಗೆ?

ಕ್ರೌನ್ ವೀಲ್ ಅಂಚಿನಲ್ಲಿ 43 ಮತ್ತು 11 ಅಂತ ಕುಟ್ಟಿತ್ತು. ಆದರೂ ಹಲ್ಲು ಎಣಿಸಿದೆ, ಒಂದು ಹಲ್ಲಿಗೆ ನೇಲ್ ಪಾಲಿಶ್ ಹಚ್ಚಿಕೊಂಡು. ನಲವತ್ತಮೂರೇ. ಒಳಗೆ ಸಾದಾ ಸ್ಪೈಡರ್ ಗೇರ್, ಶೂರ್ ಗ್ರಿಪ್ಪಿನ ಕೋನ್ ಇಲ್ಲ. ಮಾವನಿಗೆ ಒಂದೇ ಸಾಲು ಬರೆದೆ: "ಹನ್ನೊಂದು-ನಲವತ್ತಮೂರು." ಅವರಿಂದ ಹೆಬ್ಬೆರಳು ಬಂತು.

ಈಗ ಏನು ಮಾಡೋದು? 3.91 ಇಟ್ಟುಕೊಂಡು ಸ್ಪೀಡೋ ಗೇರ್ ಮಾತ್ರ ಬದಲಾಯಿಸಿದರೂ ಆಗುತ್ತಿತ್ತು. ಸಿಗ್ನಲ್‌ನಲ್ಲಿ ಅದು ಹಾರುವ ರೀತಿ ಚೆನ್ನಾಗಿತ್ತು, ನಿಜ ಹೇಳಬೇಕಲ್ಲ. ಆದರೆ ನಾನು ಈ ಕಾರನ್ನು ದೂರ ಓಡಿಸುವವನು. ಒಹಾಯೊದ ಒಂದು ಸ್ವಾಪ್ ಮೀಟಿನಲ್ಲಿ (ಹಳೇ ಬಿಡಿಭಾಗಗಳ ಸಂತೆ) 489ರದೇ ಇನ್ನೊಂದು ಗಡ್ಡೆ ಸಿಕ್ಕಿತು, 42 ಮತ್ತು 13 ಹಲ್ಲು, ಅಂದರೆ 3.23. ಅಚ್ಚಿನ ತಾರೀಕು 1969ರದು. ಮಾರುವವನು ರೇಶಿಯೋ ಹೇಳುವ ಮೊದಲೇ ನಾನು ಮಂಡಿಯೂರಿ ಹಲ್ಲು ಎಣಿಸಲು ಶುರು ಮಾಡಿದ್ದೆ. ಪ್ರೊಪೆಲ್ಲರ್ ಶಾಫ್ಟ್ ಸೇರುವ ಯೋಕ್ ಅಳತೆಯನ್ನೂ ಅಲ್ಲೇ ನೋಡಿಕೊಂಡೆ. ಇದರಲ್ಲಿ 7260, 7290 ಅಂತ ಎರಡು ಸೈಜಿನ ಜಾಯಿಂಟ್ ಕ್ರಾಸ್ ಇವೆ, ತಪ್ಪಾದರೆ ಶಾಫ್ಟ್ ಸೇರುವುದಿಲ್ಲ. ಹೊಸ ಸೀಲ್, ಹೊಸ ಗ್ಯಾಸ್ಕೆಟ್, ಹೊಸ ಎಡ ಸ್ಟಡ್. ಕೂರಿಸಲು ಒಂದೂವರೆ ದಿನ.

ಅದೇ ಹೈವೇ, ಅದೇ ಟೇಪ್ ಹಾಕಿದ ಟ್ಯಾಕೋ. ಜಿಪಿಎಸ್ 60, ಇಂಜಿನ್ 2400 ಚಿಲ್ಲರೆ, ಮುಳ್ಳು 60ಕ್ಕೆ ಒಂದು ಕೂದಲು ಕೆಳಗೆ. ನನ್ನ ಟೈರ್ ಫ್ಯಾಕ್ಟರಿ ಟೈರಿಗಿಂತ ಅಷ್ಟು ಎತ್ತರ ಇದೆ, ಸರಿಯಾಗೇ ಇದೆ. ಮೊದಲ ಸಲ ಕಾರಿನೊಳಗೆ ಮಾತಾಡಿದ್ದು ಕೇಳಿಸಿತು.

ಉಳಿದಿರುವುದು ಆ ಇನ್ನೊಂದು ಹಾಳೆ. ಆರ್‌ಎಂ21ರದು. ಅದನ್ನೂ ತೇವ ಕೊಟ್ಟು ಬಿಡಿಸಿ, ಪಾರದರ್ಶಕ ಕವರಿನಲ್ಲಿ ಹಾಕಿಟ್ಟಿದ್ದೇನೆ. ನನ್ನದಕ್ಕಿಂತ ಪೂರ್ತಿಯಾಗಿದೆ, ಒಂದು ಮೂಲೆ ಕೂಡ ಹರಿದಿಲ್ಲ. 3.55 ಶೂರ್ ಗ್ರಿಪ್ ಇರುವ ಆ ಕೂಪೆ ಇನ್ನೂ ಓಡುತ್ತಿದ್ದರೆ, ಅದರ ಯಜಮಾನ ಇಷ್ಟರಲ್ಲಿ ಎರಡೂ ಸೀಟು ಬಿಚ್ಚಿ ನೋಡಿರುತ್ತಾನೆ. ನಂಬರ್ ಹೇಳಿದರೆ ಸಾಕು, ಹಾಳೆ ಕೊಟ್ಟುಬಿಡುತ್ತೇನೆ.